ಅಕ್ಕ ಒತ್ತಿದ ಬಟನ್

ಮೊದಲೇ ಹೇಳಿಬಿಡ್ತೀನಿ, ನಾನು ನೋವಿಗೆ ಅಳೋಳಲ್ಲ. ಸೋಫಾ ಹೊಲಿಯೋ ಕೆಲಸ ನಂದು. ಉದ್ದದ ಸೂಜಿ ಅಂಗೈಯೊಳಗೆ ಹೊಕ್ಕಾಗಲೂ ಅದನ್ನ ಎಳೆದು ಬಿಸಾಕಿ, ಬಟ್ಟೆಗೆ ರಕ್ತ ತಾಗಿತೇನೋ ಅಂತ ಮೊದಲು ನೋಡಿದವಳು. ಗಿರಾಕಿ ಬಟ್ಟೆ ನೋಡಿ, ಅದಕ್ಕೆ. ಅಂಥವಳು ಹೊದಿಕೆ ಕಾಲಿಗೆ ತಾಗಿತು ಅಂತ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದೆ ಅಂದ್ರೆ ಯಾರು ನಂಬ್ತಾರೆ? ನಮ್ಮನೆಯವರೇ ನಂಬಲಿಲ್ಲ.

ನಮ್ಮನೆಯವರು ಬಡಗಿ. ಅವರು ಚೌಕಟ್ಟು ಮಾಡ್ತಾರೆ, ನಾನು ಅದಕ್ಕೆ ಸ್ಪಂಜು, ಬಟ್ಟೆ ಹಾಕ್ತೀನಿ. ಹೊಸ ಸೋಫಾ ಒಂದನ್ನ ಅಂಗಡಿ ಮೆಟ್ಟಿಲಿಂದ ಇಳಿಸ್ತಾ ಇದ್ವಿ. ಕೆಳಗಿನ ತುದಿ ನನ್ನ ಕೈಲಿತ್ತು. "ಹಿಡ್ಕೊಂಡಿದೀಯಾ?" ಅಂದ್ರು. "ಹಿಡ್ಕೊಂಡಿದೀನಿ" ಅಂದೆ. ಬೆನ್ನು ಮಾತ್ರ ಹಿಡ್ಕೊಳ್ಳಲಿಲ್ಲ. ಮೂಳೆ ಜಾರಿದೆ, ಸ್ಕ್ರೂ ಹಾಕಿ ಕೂರಿಸ್ಬೇಕು ಅಂದ್ರು ಬೆನ್ನಿನ ಡಾಕ್ಟರು. ಸ್ಕ್ರೂ ಅನ್ನೋ ಮಾತು ಕೇಳಿದ ಮೇಲೆ ನಮ್ಮನೆಯವರ ಮುಖಕ್ಕೆ ಸ್ವಲ್ಪ ರಂಗು ಬಂತು. ಪರಿಚಯದ ವಸ್ತು ನೋಡಿ!

ಆಪರೇಶನ್ ದಿನ ಬೆಳಗ್ಗೇನೇ ಅಕ್ಕ ಬಂದ್ಲು. ಅಕ್ಕ ಅನ್ನೋದು ಕರೆಯೋಕೆ ಮಾತ್ರ. ಅಮ್ಮ ಹೋದಾಗ ನಾನಿನ್ನೂ ಅಂಬೆಗಾಲಿಡ್ತಿದ್ದೆ. ತಾನೇ ಇನ್ನೂ ಲಂಗದ ಹುಡುಗಿ, ನನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದ್ಲು. ಈಗ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳನ್ನ ಹಗಲೆಲ್ಲ ಮನೇಲಿಟ್ಕೊಂಡು ನೋಡ್ಕೊಳ್ತಾಳೆ. ಅವಳ ಮನೆಯಿಂದ ಮಗು ಅಳೋ ಸದ್ದು ಬೀದಿಗೆ ಕೇಳಿದ್ದೇ ಇಲ್ಲ. "ಅತ್ತ ಮೇಲೆ ಬಾಟ್ಲಿ ಕೊಡೋದು ಯಾರು ಬೇಕಾದ್ರೂ ಮಾಡ್ತಾರೆ ಕಣೇ. ಅಳೋ ಮುಂಚೆ ಕೊಡ್ಬೇಕು" ಅಂತಾಳೆ. ಆ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬ.

ಆಪರೇಶನ್ ಆಯ್ತು. ಕಣ್ಣು ಬಿಟ್ಟಾಗ ಮಂಚದ ಪಕ್ಕ ಒಂದು ಪಂಪು, ಅದರಿಂದ ಕೈಗೆ ಕೊಳವೆ, ಇನ್ನೊಂದು ವೈರಿನ ತುದಿಗೆ ಬಟನ್. "ನೋವಾದಾಗ ಇದನ್ನ ಒತ್ತಿ, ಮಾರ್ಫಿನ್ ತಾನಾಗೇ ಹೋಗುತ್ತೆ. ಲೆಕ್ಕ ಮೀರಿ ಹೋಗದ ಹಾಗೆ ಪಂಪೇ ನೋಡ್ಕೊಳ್ಳುತ್ತೆ" ಅಂದ್ರು ನರ್ಸು. ನಾನು ಅರ್ಧ ನಿದ್ದೇಲಿದ್ದೆ. ಹ್ಞೂಂ ಅಂದೆನೋ ಇಲ್ವೋ, ಅದೂ ನೆನಪಿಲ್ಲ. ಎಚ್ಚರ ಆದಾಗೆಲ್ಲ ಅಕ್ಕ ಪಕ್ಕದ ಕುರ್ಚೀಲಿ ಕೂತು ನನ್ನ ಕೈ ಹಿಡ್ಕೊಂಡಿರೋಳು. ಕೈ ಅಂದ್ರೆ, ಬಟನ್ ಇದ್ದ ಕೈ. ಪಕ್ಕದ ಮಂಚದವರು "ಇಂಥ ಅಕ್ಕ ಇರ್ಬೇಕು ನೋಡಿ" ಅಂದ್ರಂತೆ. ಅಕ್ಕನೇ ಆಮೇಲೆ ಹೇಳಿ ಹೇಳಿ ಹಿಗ್ಗಿದ್ಲು.

ಮನೆಗೆ ಬಂದ ಮೇಲೆ ಮಾತ್ರೆ ಶುರುವಾಯ್ತು. ಅದೂ ಮಾರ್ಫಿನ್ ಜಾತೀದೇ. "ನೋವಿದ್ರೆ ಮಾತ್ರ" ಅಂತ ಹೇಳಿ ಕಳಿಸಿದ್ರು. ಅಕ್ಕ ಮಕ್ಕಳ ತಾಯಂದಿರಿಗೆಲ್ಲ ರಜ ಹೇಳಿ ನಮ್ಮ ಮನೇಲೇ ಠಿಕಾಣಿ ಹೂಡಿದ್ಲು. ನೋವು ಬರೋವರೆಗೂ ಕಾಯೋ ಪೈಕೀನಾ ಅವಳು? ನಾನು ಮುಖ ಕಿವುಚೋ ಮುಂಚೆ ಮಾತ್ರೆ, ನೀರಿನ ಲೋಟ ಎರಡೂ ಬಾಯಿ ಹತ್ರ ಇರೋದು.

ಅಷ್ಟೆಲ್ಲ ಮಾಡಿದ್ರೂ ನೋವು ಕಡಿಮೆ ಆಗ್ಲಿಲ್ಲ. ಹೊಲಿಗೆ ಹಾಕಿದ ಜಾಗ ಬಿಟ್ಟು ಆಚೀಚೆ ಹರಡ್ತು. ತೊಡೆಗೆ ಬಂತು, ಭುಜಕ್ಕೆ ಬಂತು. ಮುಂಗೈಗೂ ಬೆನ್ನಿಗೂ ಏನು ನೆಂಟಸ್ತಿಕೆ ಹೇಳಿ? ಅಲ್ಲಿಗೂ ಬಂತು. ಬಾಚಣಿಗೆ ತಲೆಗೆ ತಾಗಿದ್ರೆ ಉರಿ. ನಲ್ಲಿ ನೀರು ಕೈಮೇಲೆ ಬಿದ್ರೆ ಉರಿ. ಫ್ಯಾನ್ ಹಾಕಿದ್ರೆ ಗಾಳಿಯೇ ಕೆರೆದ ಹಾಗೆ, ಹಾಕದೆ ಇದ್ರೆ ಬೆವರಿಗೆ ಬಟ್ಟೆ ಅಂಟಿ ಅದೊಂದು ಉರಿ. ದಿನವಿಡೀ ಬಟ್ಟೆಯಲ್ಲೇ ಬದುಕಿದವಳಿಗೆ ಮೈಮೇಲಿನ ನೈಟಿಯೇ ಶತ್ರು ಆಯ್ತು.

ನಡುಮನೆಯಲ್ಲೇ ನನ್ನ ಮಂಚ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಕ್ಕ. ಮಗಳು ಸ್ಕೂಲಿಂದ ಬಂದು ನನ್ನ ಹತ್ರ ಓಡಿಬಂದ್ರೆ "ಮುಟ್ಟಬೇಡ ಮುಟ್ಟಬೇಡ" ಅಂತ ಎಲ್ಲರೂ ಕೂಗೋರು. ಅವಳು ಮಂಚದಿಂದ ಒಂದು ಮೊಳ ದೂರ ನಿಂತು, ಕೈ ಹಿಂದೆ ಕಟ್ಕೊಂಡು, ಸ್ಕೂಲಲ್ಲಿ ನಡೆದದ್ದು ಹೇಳೋಳು. ಹೆಡ್‌ಮಿಸ್ ಮುಂದೆ ನಿಂತ ಹಾಗೆ.

ಬೆನ್ನಿನ ಡಾಕ್ಟರ ಹತ್ರ ಹೋದ್ವಿ. ಅವರು ಮಾತ್ರೆ ಜಾಸ್ತಿ ಮಾಡಿದ್ರು. ನಾಕು ದಿನ ಹಾಯೆನಿಸ್ತು, ಆಮೇಲೆ ಮೊದಲಿಗಿಂತ ಜೋರು. ಮತ್ತೆ ಹೋದ್ವಿ, ಮತ್ತೆ ಜಾಸ್ತಿ ಮಾಡಿದ್ರು. ನಮ್ಮನೆಯವರು ಒಂದಿನ ಬಾಗಿಲ ಚೌಕಟ್ಟಿಗೆ ಒರಗಿ, "ಅಲ್ಲ ಮಾರಾಯ್ತಿ, ಬೆಡ್‌ಶೀಟು ತಾಗಿದ್ರೂ ನೋವಾಗುತ್ತಾ? ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ" ಅಂದ್ರು. ಕೈಗೆ ಸಿಕ್ಕಿದ ಲೋಟ ಎಸೆದೆ. ಗುರಿ ತಪ್ಪಿತು. ಎಸೆದ ಕೈ ಸಾಯಂಕಾಲದವರೆಗೂ ಉರೀತು.

ಅಷ್ಟರಲ್ಲಿ ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಸಡಿಲ ಆಗಿರೋದು ಕಾಣಿಸ್ತು. ಇನ್ನೊಂದು ಆಪರೇಶನ್ ಮಾಡ್ಲೇಬೇಕು ಅಂದ್ರು. ಗಾಯದ ಮೇಲೆ ಬರೆ! ಮಾಡಿಸ್ಕೊಳ್ಳದೆ ಇದ್ರೆ ನಡೆಯೋ ಹಾಗಿಲ್ಲ, ಮಾಡಿಸ್ಕೊಂಡ್ರೆ ಮತ್ತೆ ಪಂಪು, ಮತ್ತೆ ಮಾತ್ರೆ, ಮತ್ತೆ ಈ ಉರಿ. ಅತ್ತ ದರಿ, ಇತ್ತ ಪುಲಿ.

ಈ ಸಲ ಆಪರೇಶನ್‌ಗೆ ಮುಂಚೆಯೇ ಅರಿವಳಿಕೆ ಕೊಡೋ ಡಾಕ್ಟರು ನನ್ನನ್ನ ನೋಡ್ಬೇಕು ಅಂದ್ರು. ನಾವು ಅವರನ್ನ ನಿದ್ದೆ ಡಾಕ್ಟರು ಅಂತಿದ್ವಿ. ಗಿಡ್ಡ ಹೆಂಗಸು, ಬಾಬ್ ಕೂದಲು, ಕಣ್ಣಲ್ಲಿ ನಿದ್ದೆಯೇ ಇಲ್ಲ. ಅವರು ನನ್ನ ಬೆನ್ನು ನೋಡ್ಲೇ ಇಲ್ಲ. ಒಂದು ಚೂರು ಹತ್ತಿ ತಗೊಂಡು ಮುಂಗೈ ಮೇಲೆ ಮೆಲ್ಲಗೆ ಎಳೆದ್ರು. ನಾನು "ಅಯ್ಯಯ್ಯೋ" ಅಂತ ಕೈ ಕಿತ್ಕೊಂಡೆ. ಕಿತ್ಕೊಂಡು ನಾಚಿಕೆಯಾಯ್ತು, ಹತ್ತಿಗೆ ಯಾರಾದ್ರೂ ಅಳ್ತಾರಾ? ನಮ್ಮನೆಯವರು ಛಾವಣಿ ನೋಡಿದ್ರು.

ನಿದ್ದೆ ಡಾಕ್ಟರು ಮಾತ್ರ, "ನಾಟಕ ಅಲ್ಲ ಇದು. ಇವರಿಗೆ ನಿಜವಾಗ್ಲೂ ನೋವಾಗ್ತಿದೆ" ಅಂತ ನಮ್ಮನೆಯವರ ಮುಖ ನೋಡಿಯೇ ಹೇಳಿದ್ರು. ಅವತ್ತು ಅವರ ಕಾಲಿಗೆ ಬಿದ್ದುಬಿಡೋಣ ಅನ್ನಿಸ್ತು. ಬಗ್ಗೋಕೆ ಆಗ್ತಿರಲಿಲ್ಲ.

"ಈ ಮಾರ್ಫಿನ್ ಒಳ್ಳೇ ಔಷಧಿಯೇ" ಅಂದ್ರು. "ಆದ್ರೆ ಬೇಕಾದ್ದಕ್ಕಿಂತ ಜಾಸ್ತಿ, ಬಹಳ ದಿನ ಹೋದ್ರೆ, ಕೆಲವರಲ್ಲಿ ನರಗಳು ಅತಿ ಚುರುಕಾಗಿಬಿಡ್ತವೆ. ಬರೀ ತಾಗಿದ್ದನ್ನೂ ನೋವು ಅಂತಲೇ ಮೇಲೆ ಹೇಳಿ ಕಳಿಸ್ತವೆ. ನೋವು ಜಾಸ್ತಿ ಆಯ್ತು ಅಂತ ಔಷಧಿ ಏರಿಸ್ತೀವಿ, ಔಷಧಿ ಏರಿಸಿದ್ದಕ್ಕೇ ನೋವು ಏರುತ್ತೆ."

ಅತಿಯಾದ್ರೆ ಅಮೃತವೂ ವಿಷ ಅಂತ ಕೇಳಿದ್ದೆ, ಬಾಯಿಮಾತಿಗೆ ಆಡಿಯೂ ಇದ್ದೆ. ಅದು ನನ್ನ ಚರ್ಮದ ಮೇಲೇ ಬರೆದಿದೆ ಅಂತ ಗೊತ್ತಾದದ್ದು ಅವತ್ತೇ. ನನಗೆ ನನ್ನ ಮಷೀನೇ ಕಣ್ಮುಂದೆ ಬಂತು. ದಾರ ಬಿಗಿಯಾದ್ರೆ ಹೊಲಿಗೆ ಸುಕ್ಕು ಬೀಳುತ್ತೆ. ಸುಕ್ಕು ಹೋಗ್ಲಿ ಅಂತ ಇನ್ನೂ ಬಿಗಿ ಮಾಡ್ತಾ ಹೋದ್ರೆ?

"ಹಾಗಾದ್ರೆ ಇವತ್ತಿಂದಲೇ ಬಿಟ್ಟೆ" ಅಂದೆ.

"ಅದೂ ಬೇಡ, ಒಂದೇ ಸಲ ಬಿಟ್ರೆ ಒದ್ದಾಡಿ ಹೋಗ್ತೀರಿ. ಒಂದೊಂದೇ ಮೆಟ್ಟಿಲು ಇಳಿಸೋಣ."

"ಮೆಟ್ಟಿಲಿಳಿಯೋಕೆ ಹೋಗಿಯೇ ಇಲ್ಲಿಗೆ ಬಂದಿದ್ದು ಡಾಕ್ಟ್ರೇ."

ಅವರು ನಕ್ಕರು. ನಾನೂ ನಕ್ಕೆ. ನಕ್ಕು ಎಷ್ಟು ದಿನ ಆಗಿತ್ತೋ. ಆಮೇಲೆ ಆಪರೇಶನ್ ವಿಷಯ ಹೇಳಿದ್ರು. ಬೆನ್ನಿನ ನರಗಳ ಹತ್ರವೇ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತಾರಂತೆ. ನರಗಳು ಮತ್ತೆ ಹಾಗೆ ಕೆರಳದ ಹಾಗೆ ತಡೆಯೋ ಬೇರೊಂದು ಔಷಧಿ ಚೂರು ಚೂರೇ ಹಾಕ್ತಾರಂತೆ. ಮಾರ್ಫಿನ್ ಬೇಕಾದಷ್ಟೇ, ಒಂದು ಹನಿ ಮೇಲಿಲ್ಲ. "ಆಮೇಲೆ ನೋವಿರುತ್ತೆ. ಇರಲ್ಲ ಅಂತ ಸುಳ್ಳು ಹೇಳಲ್ಲ. ತಡ್ಕೊಳ್ಳೋ ಅಷ್ಟು ಇರುತ್ತೆ. ಈ ಸಲವೂ ಹಳೇ ಕಥೆಯೇ ಆದ್ರೆ ಮಾತ್ರ ನಿಮ್ಮ ನರಗಳನ್ನ ಸಮಾಧಾನಕ್ಕೆ ತರೋದು ಬಹಳ ಕಷ್ಟ." ಅಷ್ಟು ಹೇಳಿ, ಹೋಗೋ ಮುಂಚೆ ಕೇಳಿದ್ರು: "ಹೋದ ಸಲ ಬಟನ್ ನೀವೇ ಒತ್ಕೊಳ್ತಿದ್ರಿ ತಾನೇ?"

ನಮ್ಮ ಜೊತೆ ಬಂದಿದ್ದ ಅಕ್ಕ ಕುರ್ಚಿಯಿಂದ ಮುಂದೆ ಬಾಗಿದ್ಲು. ಮುಖದಲ್ಲಿ ಎಂಥ ಹೆಮ್ಮೆ ಅಂತೀರಿ! "ಅವಳಿಗೆ ಯಾಕೆ ಡಾಕ್ಟ್ರೇ ಆ ತೊಂದ್ರೆ? ನಾನೇ ಒತ್ತಿದ್ದು. ಅವಳು ನಿದ್ದೆ ಮಾಡ್ಲಿ ಅಂತ ರಾತ್ರಿಯೆಲ್ಲ ಎವೆ ಮುಚ್ಚಲಿಲ್ಲ. ಪಂಪಿನ ಹಸಿರು ದೀಪ ಹ್ಞೂಂ ಅಂದಾಗೆಲ್ಲ ಒತ್ತಿದೆ. ಒಂದು ಸಲಾನೂ ತಪ್ಪಿಸ್ಲಿಲ್ಲ."

ನಿದ್ದೆ ಡಾಕ್ಟರು ಪೆನ್ನು ಜೇಬಿಗೆ ಹಾಕ್ಕೊಂಡ್ರು. "ಅಮ್ಮಾ, ನಿದ್ದೆ ಮಾಡ್ತಿರೋರು ಬಟನ್ ಒತ್ತಲ್ಲ. ಆ ಪಂಪಿಗೆ ಇರೋ ದೊಡ್ಡ ಬೀಗ ಅದೇ. ನೀವು ಒತ್ತಿದ್ರೆ ಬೀಗ ತೆಗೆದಿಟ್ಟ ಹಾಗೆ. ನಿಮ್ಮ ತಂಗಿ ಉಸಿರೇ ನಿಂತುಹೋಗಬಹುದಿತ್ತು. ನಿಮ್ಮೊಬ್ಬರಿಂದಲೇ ಇದೆಲ್ಲ ಆಯ್ತು ಅಂತಲ್ಲ, ಆಮೇಲೆ ಮಾತ್ರೆ ಏರಿಸಿದ್ವಲ್ಲ, ಅದು ನಮ್ಮದು. ಆದ್ರೆ ಶುರುವಾಗಿದ್ದು ಅಲ್ಲಿಂದ ಇರಬಹುದು."

"ಅಂದ್ರೆ ನಾನು ನನ್ನ ತಂಗಿಗೆ ವಿಷ ಹಾಕಿದೆನಾ?" ಅಕ್ಕನ ದನಿ ಕೀರಲಾಯ್ತು. "ಎತ್ತಿ ಆಡಿಸಿದ ಮಗೂಗೆ ವಿಷ ಹಾಕಿದೆನಾ ನಾನು?"

ಡಾಕ್ಟರು ಇಲ್ಲ ಅಂದ್ರು, ಸಮಾಧಾನ ಹೇಳಿದ್ರು. ಅಕ್ಕನಿಗೆ ಅದ್ಯಾವುದೂ ಕಿವಿಗೆ ಹೋಗ್ಲಿಲ್ಲ. ದಾರಿಯುದ್ದಕ್ಕೂ ಆಟೋದಲ್ಲಿ ಬಾಯಿಗೆ ಬಂದ ಹಾಗೆ ಬೈದ್ಲು: ಓದಿದೋರಿಗೆ ಕರುಳಿಲ್ಲ, ಬಾಬ್ ಕೂದಲಿನೋರಿಗೆ ಮೊದಲೇ ಇಲ್ಲ. ನನಗೂ ಸಿಟ್ಟಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಮನೇಲಿ ಮಾತ್ರೆ ಇಳಿಸೋಕೆ ಶುರು ಮಾಡಿದ್ವಿ. ಅದರ ಕಥೆ ಏನು ಹೇಳ್ಲಿ. ಮೈ ನಡುಕ, ಮೂಗಲ್ಲಿ ಸೋರಿಕೆ, ಹೊಟ್ಟೆ ತೊಳಸು, ಕಾಲು ಒಂದು ಕಡೆ ಇಟ್ರೆ ನಿಲ್ಲಲ್ಲ. ಮೂಲೆಯಲ್ಲಿ ಕೂತ್ಕೊಂಡು ಗೋಡೆಗೆ ಹಣೆ ಚಚ್ಕೋಬೇಕು ಅನ್ನಿಸೋದು. ಗೋಡೆ ತಾಗಿದ್ರೂ ಉರಿಯುತ್ತಲ್ಲ, ಅದಕ್ಕೂ ದಾರಿಯಿಲ್ಲ. ನನ್ನ ಮೈಯಿಂದ ಆಚೆ ಹೋಗೋಕೆ ಒಂದು ಬಾಗಿಲಿದ್ದಿದ್ರೆ ಚಿಲಕ ಕಿತ್ತು ಓಡ್ತಿದ್ದೆ.

ಒಂದು ಮಧ್ಯಾಹ್ನ ನಾನೇ ಅಕ್ಕನ ಕೈ ಹಿಡ್ಕೊಂಡೆ. "ಒಂದೇ ಒಂದು ಕೊಡೇ. ಯಾರಿಗೂ ಹೇಳಲ್ಲ" ಅಂದೆ. ಅಕ್ಕನ ಕಣ್ಣಲ್ಲಿ ನೀರು ತುಂಬಿತು. "ಪಾಪ ಕಣೇ ನನ್ನ ಕಂದ" ಅಂತ ಅಂದು ಹೋಗಿ ತಂದುಕೊಟ್ಲು. ನುಂಗಿದೆ. ಸುಖ ಅಂದ್ರೆ ಅದು. ಮಾರನೇ ದಿನ ಮೈ ಮತ್ತೆ ಕೆಂಡ. ಮತ್ತೆ ಬೇಡಿದೆ, ಮತ್ತೆ ಕೊಟ್ಲು. ಇಳಿದಿದ್ದ ಮೆಟ್ಟಿಲೆಲ್ಲ ವಾಪಸ್ ಹತ್ತಿದ್ದಾಯ್ತು.

ನಮ್ಮನೆಯವರಿಗೆ ಗೊತ್ತಾಗಿ ಡಬ್ಬಿ ಕಿತ್ಕೊಂಡು ಅಂಗಡಿಗೆ ಒಯ್ದು ಇಟ್ಕೊಂಡ್ರು. ಬೆಳಗ್ಗೆ ಸಂಜೆ ಅವರೇ ಅಳೆದು ಕೊಟ್ರು. ಆ ಮನುಷ್ಯ ಉಳಿ ಹಿಡಿದಷ್ಟೇ ಜಾಗ್ರತೆಯಿಂದ ಮಾತ್ರೆ ಹಿಡಿದದ್ದು ನೋಡಿ ನನಗೆ ಅವರ ಮೇಲಿದ್ದ ಅರ್ಧ ಕೋಪ ಇಳೀತು. ಉಳಿದರ್ಧ ಇನ್ನೂ ಇಟ್ಕೊಂಡಿದೀನಿ, ಬೇಕಾಗುತ್ತೆ.

ಆಗ ನನಗೆ ಅರ್ಥ ಆಯ್ತು. ಅಕ್ಕ ಕೊಡ್ತಾಳೆ ಅಂತ ನಾನು ಕೇಳ್ತೀನಿ, ನಾನು ಕೇಳ್ತೀನಿ ಅಂತ ಅಕ್ಕ ಕೊಡ್ತಾಳೆ. ಈ ಸಲ ಆಸ್ಪತ್ರೇಲೂ ಇದೇ ಆಗೋದು. ನಾನು ನರಳಿದ್ರೆ ಸಾಕು, ಅಕ್ಕ ಬಟನ್ ಒತ್ತುತ್ತಾಳೆ. ಒತ್ತೋಕೆ ಬಿಡದೆ ಇದ್ರೆ ನರ್ಸ್ ಕೊರಳಪಟ್ಟಿ ಹಿಡಿದು "ಜಾಸ್ತಿ ಹಾಕಿ, ಮಗು ಸಾಯ್ತಿದೆ" ಅಂತ ಆಸ್ಪತ್ರೇನೇ ತಲೆಕೆಳಗು ಮಾಡ್ತಾಳೆ. ನಾನೂ ಬೇಡ ಅನ್ನಲ್ಲ. ಬೇಡ ಅನ್ನೋ ಶಕ್ತಿ ಆ ಹೊತ್ತಿಗೆ ನನಗಿರಲ್ಲ. ಮತ್ತೆ ಈ ಮಂಚ, ಈ ಗೋಡೆ, ಮುಟ್ಟಬೇಡ ಮುಟ್ಟಬೇಡ.

ಮಾತ್ರೆ ಪೂರಾ ಕೆಳಗಿಳಿಯೋ ಹೊತ್ತಿಗೆ ಚರ್ಮ ಸ್ವಲ್ಪ ತಣ್ಣಗಾಗಿತ್ತು. ನೀರು ನೀರಿನ ಹಾಗೆ ಬಿತ್ತು. ನಾನು ಹೊಲಿದ ಹಳೇ ದಿಂಬಿನ ಮೇಲೆ ಬೆರಳಾಡಿಸಿದೆ, ನೂಲು ನೂಲಿನ ಹಾಗೇ ಸಿಕ್ತು. ಅತ್ತುಬಿಟ್ಟೆ. ಆ ಖುಷೀನ ಯಾರಿಗೂ ಬಿಟ್ಟುಕೊಡೋಕೆ ನಾನು ತಯಾರಿರಲಿಲ್ಲ, ಅಕ್ಕನಿಗೂ.

ಆಪರೇಶನ್ ಹಿಂದಿನ ದಿನ ಅಕ್ಕ ಚೀಲ ತುಂಬಿಸ್ತಾ ಕೂತಿದ್ಲು. ಫ್ಲಾಸ್ಕು, ಶಾಲು, ತನ್ನ ದಿಂಬು. ನಮ್ಮನೆಯವರಿಗೆ ಕಣ್ಸನ್ನೆ ಮಾಡಿದೆ, ನೀವು ಹೇಳಿ ಅಂತ. ಅವರು ಯಾವುದೋ ಮೊಳೆ ಹುಡುಕಿಕೊಂಡು ಆಚೆ ಹೋದ್ರು. ಗಂಡಸರೇ ಹೀಗೆ, ಮರಕ್ಕೆ ಮಾತ್ರ ಧೈರ್ಯ.

"ಅಕ್ಕಾ, ನೀನು ಆಸ್ಪತ್ರೇಲಿ ಇರೋದು ಬೇಡ" ಅಂದೆ.

"ಹುಚ್ಚಿ" ಅಂದ್ಲು ತಲೆ ಎತ್ತದೆ. "ಮತ್ಯಾರು ಇರ್ತಾರೆ?"

"ನಮ್ಮನೆಯವರು ಇರ್ತಾರೆ. ನೀನು ಒಳಗೆ ಬರ್ಬೇಡ. ನಾನು ಕರೆದ್ರೂ ಬರ್ಬೇಡ. ನರ್ಸಿಗೂ ಹೇಳಿಟ್ಟಿರ್ತೀನಿ."

ಅಕ್ಕ ಮಡಿಸ್ತಿದ್ದ ಶಾಲು ಮಡಿಲಲ್ಲೇ ಉಳೀತು. "ಆ ಡಾಕ್ಟರ ಮಾತು ಕಟ್ಕೊಂಡು..."

"ಡಾಕ್ಟರ ಮಾತಲ್ಲ, ನನ್ನ ಮಾತು. ನೀನಿದ್ರೆ ನಾನು ಕೇಳ್ತೀನಿ, ನೀನು ಕೊಡ್ತೀಯ. ನನ್ನ ಮೈ ಮೇಲೆ ನನಗೆ ನಂಬಿಕೆಯಿಲ್ಲ ಕಣೇ. ನಿನ್ನ ಪ್ರೀತಿ ಮೇಲೂ ಇಲ್ಲ." ಹೇಳ್ತಾ ಹೇಳ್ತಾ ನನ್ನ ನಾಲಿಗೆ ನನಗೇ ಚುಚ್ಚಿತು, ಆದ್ರೂ ನಿಲ್ಲಿಸ್ಲಿಲ್ಲ. "ನಿನ್ನ ಪ್ರೀತಿಗೆ ಹೆದರ್ತೀನಿ ಅಕ್ಕ."

ಜಗಳ ಆಡ್ತಾಳೆ ಅಂತ ಕಾದೆ, ಶಾಪ ಹಾಕ್ತಾಳೆ ಅಂತ ಕಾದೆ. ಅಕ್ಕ ಚೀಲದಿಂದ ತನ್ನ ದಿಂಬು ತೆಗೆದು ಪಕ್ಕಕ್ಕಿಟ್ಲು. ಫ್ಲಾಸ್ಕು ಮಾತ್ರ ಚೀಲದಲ್ಲೇ ಬಿಟ್ಲು, ನಮ್ಮನೆಯವರಿಗೆ ಬೇಕಾಗುತ್ತೆ ಅಂತ. ಆಮೇಲೆ ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಆಪರೇಶನ್ ಆಯ್ತು. ಕಣ್ಣು ಬಿಟ್ಟಾಗ ನಿದ್ದೆ ಡಾಕ್ಟರು ಬಟನ್ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ್ರು. "ನಿಮ್ಮದು. ಬೇರೆ ಯಾರದೂ ಅಲ್ಲ" ಅಂದ್ರು. ಆಮೇಲೆ ಹತ್ತಿ ತಗೊಂಡು ಮುಂಗೈ ಮೇಲೆ ಎಳೆದ್ರು. ಹತ್ತಿ ಹತ್ತಿಯೇ ಆಗಿತ್ತು. ನೋವು ಬೆನ್ನಲ್ಲಿ ಕೊಯ್ದ ಕಡೆ ಇತ್ತು, ಅಲ್ಲಿ ಬಿಟ್ಟು ಇನ್ನೆಲ್ಲೂ ಇರಲಿಲ್ಲ. ಇದ್ದೂರಲ್ಲೇ ಇರೋ ಮರ್ಯಾದಸ್ಥ ನೋವು ಅಂದ್ಕೊಂಡೆ.

ಸಂಜೆ ಹೊತ್ತಿಗೆ ಬೆನ್ನಿಗೆ ಕೊಟ್ಟಿದ್ದ ಮರಗಟ್ಟು ಇಳೀತು. ಆಗ ಬಂತು ನೋಡಿ. ಮರ್ಯಾದೆ ಗಿರ್ಯಾದೆ ಎಲ್ಲ ಬಿಟ್ಟು ಬಂತು. ಬಟನ್ ಒತ್ತಿದೆ. ಸ್ವಲ್ಪ ತಗ್ಗಿತು, ಹೋಗ್ಲಿಲ್ಲ. ಮತ್ತೆ ಒತ್ತಿದ್ರೆ ಪಂಪು ಇನ್ನೂ ಹೊತ್ತಾಗಿಲ್ಲ ಅಂತ ಸುಮ್ಮನಿತ್ತು. ನರ್ಸ್ ಬಂದು ಬೇರೆ ಇಂಜೆಕ್ಷನ್ ಕೊಟ್ರು, ಮಗ್ಗುಲಿಗೆ ದಿಂಬು ಕೊಟ್ರು, "ಇದು ತಡ್ಕೊಳ್ಳೋ ನೋವು, ಇಳಿಯುತ್ತೆ" ಅಂದ್ರು. ತಡ್ಕೊಳ್ಳೋಳು ನಾನಲ್ವಾ, ಹೇಳೋಕೇನು ಅವರಿಗೆ. ನಮ್ಮನೆಯವರು ತಲೆದೆಸೆಯಲ್ಲಿ ನಿಂತು "ಸ್ವಲ್ಪ ಹೊತ್ತು, ಸ್ವಲ್ಪ ಹೊತ್ತು" ಅಂತ ಅದನ್ನೇ ಹೇಳ್ತಿದ್ರು. ಮಗ್ಗುಲು ತಿರುಗೋ ಹಾಗಿಲ್ಲ, ಏಳೋ ಹಾಗಿಲ್ಲ, ಒಂದು ಕೈಗೆ ಕೊಳವೆ, ಇನ್ನೊಂದು ಕೈಲಿ ಕೆಲಸಕ್ಕೆ ಬಾರದ ಬಟನ್.

ಆಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಅಕ್ಕಾ" ಅಂದೆ. ಮೊದಲು ಮೆತ್ತಗೆ. ಆಮೇಲೆ ಜೋರಾಗಿ. "ಅಕ್ಕಾ, ಬಾರೇ! ನನ್ನ ಕೈಲಾಗಲ್ಲ ಕಣೇ, ಇವರ್ಯಾರೂ ಏನೂ ಮಾಡ್ತಿಲ್ಲ, ಬಾರೇ ಅಕ್ಕಾ!"

ವಾರ್ಡಿನ ಬಾಗಿಲಿಗೆ ಎದೆಮಟ್ಟದಿಂದ ಮೇಲೆ ಗಾಜು. ಅದರಾಚೆ ಅಕ್ಕ ನಿಂತಿದ್ಲು. ಮನೆಗೆ ಹೋಗಿರ್ತಾಳೆ ಅಂದ್ಕೊಂಡಿದ್ದೆ, ಬೆಳಗ್ಗೆಯಿಂದ ಅಲ್ಲೇ ಇದ್ಲಂತೆ. ನನ್ನ ಕೂಗು ಅವಳಿಗೆ ಕೇಳಿಸ್ತು. ಮುಖ ನೋಡಿದ್ರೇನೇ ಗೊತ್ತಾಗ್ತಿತ್ತು. ಅವಳ ಕೈ ಬಾಗಿಲ ಹಿಡಿಗೆ ಬಂತು. ಬಾಗಿಲು ಒಂದಿಷ್ಟು ತೆರೀತು ಕೂಡ. ನರ್ಸ್ ಅಡ್ಡ ಹೋಗೋಕೆ ಎದ್ರು.

ಅಷ್ಟರಲ್ಲಿ ಅಕ್ಕ ತಾನೇ ಬಾಗಿಲು ಎಳೆದು ಮುಚ್ಚಿದ್ಲು. ಸೆರಗನ್ನ ಬಾಯಿಗೆ ತುರುಕಿಕೊಂಡ್ಲು. ಬೆನ್ನು ತಿರುಗಿಸಿ, ಬಾಗಿಲಿಗೆ ಒರಗಿ, ಎರಡೂ ಕಿವಿ ಮುಚ್ಚಿಕೊಂಡು ನಿಂತ್ಲು. ಗಾಜಿನಲ್ಲಿ ನನಗೆ ಕಾಣ್ತಿದ್ದದ್ದು ಅವಳ ತುರುಬು, ಅದುರ್ತಿದ್ದ ಭುಜ.

ನಾನು ಕೂಗ್ತಾನೇ ಇದ್ದೆ. ಬಾರಕ್ಕಾ ಅಂತ ಬಾಯಿ ಕೂಗ್ತಿತ್ತು, ಬರ್ಬೇಡ ಕಣೇ, ನಿನ್ನ ದಮ್ಮಯ್ಯ, ಬರ್ಬೇಡ ಅಂತ ಒಳಗಿಂದ ಜೀವ ಬೇಡ್ಕೊಳ್ತಿತ್ತು. ಅಕ್ಕ ಬರಲಿಲ್ಲ.